ಬಿಐಎಸ್ ಮಾನಕಗಳು, ರೂರ್ಕಿಯ ಸಂಶೋಧನೆ: ಮನೆ ಕಟ್ಟುವವರಿಗೆ ಎಷ್ಟು ಉಪಯೋಗ?

ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಐಎಸ್ 456, ಅಂದರೆ 456ನೇ ಭಾರತೀಯ ಮಾನಕವನ್ನು ಒಂದು ಪೈಸೆ ಖರ್ಚಿಲ್ಲದೆ ಇಳಿಸಿಕೊಳ್ಳಬಹುದು. ದೇಶದ ಕಾಂಕ್ರೀಟ್ ಮನೆಗಳ ಲೆಕ್ಕವೆಲ್ಲ ನಿಂತಿರುವುದು ಈ ಸಂಹಿತೆಯ ಮೇಲೆ. ಕಂಬಿ, ಸಿಮೆಂಟು, ಬ್ಲಾಕು, ಜಲ್ಲಿ, ಗೆದ್ದಲಿನ ಔಷಧಿ ಎಲ್ಲಕ್ಕೂ ಇಂಥದ್ದೇ ಒಂದೊಂದು ದಾಖಲೆ ಇದೆ. ಅಂತಾರಾಷ್ಟ್ರೀಯ ಐಎಸ್‌ಒ ಮಾನಕವನ್ನು ಹಾಗೇ ಎತ್ತಿಕೊಂಡವಕ್ಕೆ ಹಣ ಕೊಡಬೇಕು. ಮನೆ ಕೆಲಸಕ್ಕೆ ಬೇಕಾದವು ಹೆಚ್ಚುಕಡಿಮೆ ಎಲ್ಲವೂ ಇಲ್ಲಿಯೇ ತಯಾರಾದವು, ಹಾಗಾಗಿ ಪುಕ್ಕಟೆ.

ಈ ದಾಖಲೆಗಳಲ್ಲಿರುವ ಅಂಕಿಗಳು ಆಕಾಶದಿಂದ ಉದುರಿದ್ದಲ್ಲ. 1947ರಲ್ಲಿ ಶುರುವಾದ, ಉತ್ತರಾಖಂಡದ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ, ಚೆನ್ನೈನ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ, ಬಲ್ಲಭಗಢದ ಸಿಮೆಂಟ್ ಸಂಶೋಧನಾ ಮಂಡಳಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿ, ಇವೆಲ್ಲ ದಶಕಗಟ್ಟಲೆ ಸರಕಾರದ ದುಡ್ಡಿನಲ್ಲಿ ಪರೀಕ್ಷೆ ಮಾಡಿದ್ದರ ಫಲ. ತೆರಿಗೆ ಕಟ್ಟುವವರು ಈಗಾಗಲೇ ಬೆಲೆ ತೆತ್ತಿರುವ ಸೇವೆ ಇದು. ಅದನ್ನು ಒಂದು ಸೇವೆಯೆಂದೇ ತೂಗಿ ನೋಡಿದರೆ, ಒಳಗಿನ ಸರಕು ಮೊದಲ ದರ್ಜೆಯದು, ಅದನ್ನು ಸೈಟಿಗೆ ತಲುಪಿಸುವ ಏರ್ಪಾಡು ಮಾತ್ರ ತೀರಾ ಕಡಿಮೆ. ಎಂಜಿನಿಯರಿಗೆ ಬರೆದದ್ದನ್ನು ಮೇಸ್ತ್ರಿಗೆ ದಾಟಿಸುವ ಕೊಂಡಿಯೇ ಇಲ್ಲ. ಆ ಕೊಂಡಿಯನ್ನು ಮನೆ ಕಟ್ಟಿಸುವವರೇ ಹಾಕಿಕೊಳ್ಳಬೇಕು. ಹತ್ತಾರು ಅಂಕಿ ಗೊತ್ತಿದ್ದರೆ ಹಾಕಿಕೊಳ್ಳಲು ಬರುತ್ತದೆ.

ಮೋಲ್ಡ್ ಹಾಕುವ ದಿನ

ಸಂಹಿತೆಯ ಬೆಲೆ ಗೊತ್ತಾಗುವುದು ಮೋಲ್ಡ್ ದಿನ, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯುವ ದಿನ. ಇಲ್ಲಿ ಹೇಳುವ ಅಂಕಿಗಳು ಐಎಸ್ 456ರ 2000ನೇ ಇಸವಿಯ ಪರಿಷ್ಕರಣೆಯವು. ಇಳಿಸಿಕೊಳ್ಳುವಾಗ ಅದರ ನಂತರದ ತಿದ್ದುಪಡಿಗಳನ್ನೂ ಸೇರಿಸಿಯೇ ಇಳಿಸಿಕೊಳ್ಳಿ. ಅವು ಬೇರೆ ಕಡತಗಳಾಗಿ ಇರುತ್ತವೆ, ಹುಡುಕದಿದ್ದರೆ ಕಣ್ಣಿಗೆ ಬೀಳುವುದಿಲ್ಲ.

9ನೇ ಕೋಷ್ಟಕದಲ್ಲಿ ಎಂ20 ದರ್ಜೆಯ ಕಾಂಕ್ರೀಟಿಗೆ (ಸಂಖ್ಯೆ ಹೆಚ್ಚಿದಷ್ಟೂ ಬಲ ಹೆಚ್ಚು) ಹೀಗಿದೆ: 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ ಮರಳು, ಜಲ್ಲಿ ಎರಡೂ ಸೇರಿ 250 ಕೆ.ಜಿ. ಮೀರಬಾರದು, ನೀರು 30 ಲೀಟರ್ ಮೀರಬಾರದು. ಸೈಟಿನಲ್ಲಿ ಎಲ್ಲರೂ ಹೇಳುವ 1:1½:3 (ಸಿಮೆಂಟು, ಮರಳು, ಜಲ್ಲಿಯ ಪಾಲು) ಇದಕ್ಕೆ ಹೊಂದುತ್ತದೆಯೇ? ಒಂದು ಚೀಲ ಸಿಮೆಂಟು ಸುಮಾರು 35 ಲೀಟರ್. ಮರಳು ಅದರ ಒಂದೂವರೆ ಪಟ್ಟು, ಅಂದರೆ 52.5 ಲೀಟರ್, ತೂಕದಲ್ಲಿ ಸುಮಾರು 84 ಕೆ.ಜಿ. ಜಲ್ಲಿ 105 ಲೀಟರ್, ಸುಮಾರು 158 ಕೆ.ಜಿ. ಒಟ್ಟು 242. ಹೊಂದುತ್ತದೆ. ಆದರೆ ಇದು ಅಳತೆಯ ಪೆಟ್ಟಿಗೆಯಲ್ಲಿ ಅಳೆದಾಗ ಮಾತ್ರ. ಒಳ ಅಳತೆ 40×35×25 ಸೆಂ.ಮೀ. ಇರುವ ಪೆಟ್ಟಿಗೆ ಸರಿಯಾಗಿ 35 ಲೀಟರ್ ಹಿಡಿಯುತ್ತದೆ. ಬಡಗಿಯಿಂದ ಅಂಥವೆರಡು ಮಾಡಿಸಿಟ್ಟರೆ ಸಾಕು. ಬಾಂಡ್ಲಿಯಲ್ಲಿ ಅಳೆದರೆ ಒಬ್ಬರು ತಲೆಮಟ್ಟ ತುಂಬುತ್ತಾರೆ, ಇನ್ನೊಬ್ಬರು ಗೋಪುರದಂತೆ ಏರಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮಿಶ್ರಣ 1:2:4ಕ್ಕೆ ಜಾರಿರುತ್ತದೆ.

ನೀರಿನ ವಿಷಯದಲ್ಲಿ ಸಂಹಿತೆ ಓದುವವರನ್ನೇ ತೊಡಕಿಗೆ ಸಿಲುಕಿಸುತ್ತದೆ. 9ನೇ ಕೋಷ್ಟಕ 30 ಲೀಟರ್ ಎನ್ನುತ್ತದೆ, ಅಂದರೆ ನೀರು-ಸಿಮೆಂಟು ಅನುಪಾತ 0.60. ಬಾಳಿಕೆಗೆಂದು ಕೊಟ್ಟಿರುವ 5ನೇ ಕೋಷ್ಟಕ ಕಂಬಿ ಹಾಕಿದ ಕಾಂಕ್ರೀಟಿಗೆ ತೀರಾ ಸೌಮ್ಯ ಪರಿಸರದಲ್ಲೂ 0.55 ಮೀರಬಾರದು ಎನ್ನುತ್ತದೆ. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ: ಚೀಲಕ್ಕೆ 27.5 ಲೀಟರ್. ಇದನ್ನು 9ನೇ ಕೋಷ್ಟಕದ ಅಡಿಯಲ್ಲೇ ಒಂದು ಸಾಲಿನಲ್ಲಿ ಬರೆದುಬಿಟ್ಟಿದ್ದರೆ ಎಷ್ಟೋ ತಾರಸಿಗಳು ಉಳಿಯುತ್ತಿದ್ದವು. ಇನ್ನೊಂದು ಲೆಕ್ಕವೂ ಬಾಕಿ ಇದೆ. ತೊಳೆದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಲಾರಿಯಿಂದ ಇಳಿಯುವಾಗಲೇ ಒದ್ದೆ. ತೂಕದ 5% ತೇವ ಇದ್ದರೂ 84 ಕೆ.ಜಿ. ಮರಳಿನ ಜತೆ 4 ಲೀಟರ್ ನೀರು ಮಿಕ್ಸರಿಗೆ ಹೋಗಿಯೇ ಹೋಗುತ್ತದೆ. ಮೇಲಿನಿಂದ ಹಾಕಬೇಕಾದದ್ದು 23 ಲೀಟರ್ ಚಿಲ್ಲರೆ ಅಷ್ಟೇ. ಜತೆಗೆ ಒದ್ದೆ ಮರಳು ಉಬ್ಬುತ್ತದೆ, ಅದೇ ಪೆಟ್ಟಿಗೆಯಲ್ಲಿ ಕಡಿಮೆ ಮರಳು ಹಿಡಿಯುತ್ತದೆ. ಆದ್ದರಿಂದ ಬೆಳಗ್ಗೆ ಒಮ್ಮೆ ಪೆಟ್ಟಿಗೆಯನ್ನು ತೂಕಕ್ಕೆ ಇಟ್ಟು ನೋಡುವುದು ಲೇಸು.

23 ಲೀಟರ್ ಹಾಕಿದರೆ ಮಿಶ್ರಣ ಗಟ್ಟಿಯಾಗಿ ಕಾಣುತ್ತದೆ, ಕಾಂಕ್ರೀಟು ಎಳೆಯುವವರು ಇನ್ನೊಂದು ಬಕೆಟ್ ನೀರು ಸುರಿಯಲು ಹೊರಡುತ್ತಾರೆ. ಕಡಿಮೆ ಕಂಬಿಯ ಸ್ಲ್ಯಾಬ್, ತೊಲೆಗಳಿಗೆ ಸಂಹಿತೆ ಕೇಳುವ ಸ್ಲಂಪ್ (ಅಚ್ಚು ತೆಗೆದಾಗ ಹಸಿ ಕಾಂಕ್ರೀಟು ಕುಸಿಯುವ ಅಳತೆ) 25ರಿಂದ 75 ಮಿ.ಮೀ. ಮಾತ್ರ. ಸೂಜಿ ವೈಬ್ರೇಟರ್ ಚಾಲೂ ಇದ್ದರೆ ಅಷ್ಟು ಸಾಕು. ಸಾಲದು ಎನಿಸಿದರೆ ಐಎಸ್ 9103ಕ್ಕೆ ಹೊಂದುವ, ಮಿಶ್ರಣವನ್ನು ಸಡಿಲಿಸುವ ರಾಸಾಯನಿಕ ಪ್ಲಾಸ್ಟಿಸೈಸರ್ ಹಾಕಿ, ನೀರು ಬೇಡ. ಹೆಚ್ಚುವರಿ ನೀರು ಸಿಮೆಂಟಿನ ಜತೆ ಸೇರುವುದಿಲ್ಲ; ಆವಿಯಾಗಿ ಹೋಗುವಾಗ ಹಿಂದೆ ಸಣ್ಣ ಸಣ್ಣ ಕೊಳವೆಗಳನ್ನು ಬಿಟ್ಟುಹೋಗುತ್ತದೆ. ಮಳೆಗಾಲದಲ್ಲಿ ನೀರು ಇಳಿಯುವುದೂ, ಕಂಬಿಗೆ ತುಕ್ಕು ತಗಲುವುದೂ ಅದೇ ದಾರಿಯಲ್ಲಿ.

ಕಂಬಿಯ ಕವರ್, ಅಂದರೆ ಕಂಬಿಯ ಹೊರಗೆ ಮುಚ್ಚಿರಬೇಕಾದ ಕಾಂಕ್ರೀಟಿನ ದಪ್ಪದ ಬಗ್ಗೆ ಸಂಹಿತೆ ಸ್ಪಷ್ಟ: ಸೌಮ್ಯ ಪರಿಸರದಲ್ಲಿ ಸ್ಲ್ಯಾಬಿಗೆ 20 ಮಿ.ಮೀ., ಕಂಬಕ್ಕೆ 40, ಕಂಬದ ತಳಪಾಯವಾದ ಫುಟಿಂಗಿಗೆ 50. ಕಂಬಿಯ ಅಡಿಗೆ ಜಲ್ಲಿ ಚೂರು ಸಿಕ್ಕಿಸುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಚೂರು ಉರುಳುತ್ತದೆ, ಕಂಬಿ ಪ್ಲೈವುಡ್ಡಿಗೆ ಕೂರುತ್ತದೆ. ಅದೇ ಸಾಮರ್ಥ್ಯದ ಕಾಂಕ್ರೀಟಿನಲ್ಲಿ ಮಾಡಿದ ಕವರ್ ಬ್ಲಾಕ್‌ಗಳೇ ಬೇಕು. ಇನ್ನೂ ದೊಡ್ಡ ಅನಾಹುತ ಬಾಲ್ಕನಿಯಲ್ಲಿ. ಅಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. 125 ಮಿ.ಮೀ. ಸ್ಲ್ಯಾಬಿನಲ್ಲಿ 10 ಮಿ.ಮೀ. ಕಂಬಿ ತನ್ನ ಜಾಗದಲ್ಲಿದ್ದರೆ ಕೆಲಸಕ್ಕೆ ಬರುವ ಆಳ 100 ಮಿ.ಮೀ. ಕಾಂಕ್ರೀಟ್ ಹೊರುವವರು ಮೇಲೆ ತುಳಿದು 30 ಮಿ.ಮೀ. ಕೆಳಗೆ ಇಳಿಸಿದರೆ ಆಳ 70ಕ್ಕೆ ಬರುತ್ತದೆ, ಬಾಲ್ಕನಿಯ ಬಲ ಮೂರರಲ್ಲಿ ಒಂದು ಪಾಲಿನಷ್ಟು ಹೋದಂತೆಯೇ. ಮೇಲಿನ ಕಂಬಿಯನ್ನು ಎತ್ತಿ ಹಿಡಿಯಲು ಕಂಬಿಯಿಂದಲೇ ಬಗ್ಗಿಸಿದ ಕುರ್ಚಿಗಳನ್ನು ಒತ್ತೊತ್ತಾಗಿ ಕಟ್ಟಿ, ನಡೆಯಲು ಹಲಗೆ ಹಾಸಿದರೆ ಈ ತೊಂದರೆ ಪೂರ್ತಿ ತಪ್ಪುತ್ತದೆ.

ಬಲದ ಪರೀಕ್ಷೆಗೆ ಕ್ಯೂಬ್ (ಅದೇ ಕಾಂಕ್ರೀಟಿನಿಂದ ಅಚ್ಚಿನಲ್ಲಿ ತುಂಬಿದ ಘನಾಕಾರದ ತುಂಡು) ತೆಗೆಯಿರಿ ಎಂದು ಮನೆ ಕೆಲಸದಲ್ಲಿ ಕೇಳುವವರೇ ಕಡಿಮೆ. 1,000 ಚದರಡಿ ತಾರಸಿ 125 ಮಿ.ಮೀ. ದಪ್ಪವಿದ್ದರೆ ಕಾಂಕ್ರೀಟು ಸುಮಾರು 11.6 ಘನ ಮೀಟರ್. ಸಂಹಿತೆಯ ಪ್ರಕಾರ 6ರಿಂದ 15 ಘನ ಮೀಟರಿಗೆ ಎರಡು ಮಾದರಿ, ಒಂದು ಮಾದರಿಗೆ 150 ಮಿ.ಮೀ.ನ ಮೂರು ಕ್ಯೂಬ್. ಒಟ್ಟು ಆರು, ಇವು 28ನೇ ದಿನಕ್ಕೆ. 7ನೇ ದಿನದ ಸುಳಿವು ಬೇಕಿದ್ದರೆ ಇನ್ನು ಮೂರು. ಒಂದೇ ಮಾದರಿಯ ಮೂರು ಕ್ಯೂಬ್‌ಗಳು ತಮ್ಮ ಸರಾಸರಿಗಿಂತ 15%ಕ್ಕೂ ಹೆಚ್ಚು ಆಚೀಚೆ ಹೋದರೆ ಆ ಮಾದರಿಯೇ ಲೆಕ್ಕಕ್ಕಿಲ್ಲ. ಮೊದಲ ಮಿಕ್ಸಿನಿಂದಲೇ ಎಲ್ಲ ಕ್ಯೂಬ್ ತುಂಬಿಸಿಬಿಡುವುದು ಸಾಮಾನ್ಯ ತಪ್ಪು: ಮೊದಲ ಮಿಕ್ಸಿನ ಹೊತ್ತಿಗೆ ಎಲ್ಲರೂ ಎಚ್ಚರವಾಗಿರುತ್ತಾರೆ. ಊಟದ ನಂತರದ ಮಿಕ್ಸಿನಿಂದ ಒಂದು ಮಾದರಿ ಇರಲಿ.

ಸೆಂಟ್ರಿಂಗ್ ಬಿಚ್ಚುವ ದಿನಗಳೂ ಅಲ್ಲೇ ಇವೆ. 4.5 ಮೀಟರ್ ತನಕದ ಸ್ಲ್ಯಾಬಿನ ಆಸರೆಗಳಿಗೆ 7 ದಿನ, ಅದಕ್ಕಿಂತ ಉದ್ದವಿದ್ದರೆ 14. 6 ಮೀಟರ್ ತನಕದ ತೊಲೆಗೆ 14, ಮೀರಿದರೆ 21. ಆದರೆ ಇವು ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಹೇಳಿದ ದಿನಗಳು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟು. ಆ ಬೂದಿ ಬಲ ಕೊಡುತ್ತದೆ, ಆದರೆ ನಿಧಾನವಾಗಿ. ಬೇರೆ ಸಿಮೆಂಟಾದರೆ ದಿನಗಳನ್ನು ಹೊಂದಿಸಿಕೊಳ್ಳಿ ಎಂದು ಸಂಹಿತೆ ಹೇಳಿ ಸುಮ್ಮನಾಗುತ್ತದೆ. ಸೆಂಟ್ರಿಂಗ್ ಬಾಡಿಗೆ ಏರುತ್ತದೆಂದು 7ನೇ ದಿನವೇ ಬಿಚ್ಚಿಸಬೇಡಿ, ಇನ್ನೊಂದಷ್ಟು ದಿನ ಆಸರೆ ಇರಲಿ. ನೀರು ಉಣಿಸುವುದಕ್ಕೂ ಇದೇ ತತ್ವ: ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ 10, ಒಣ ಬಿಸಿಲಿನಲ್ಲಿ 14. ಮಾರ್ಚ್-ಏಪ್ರಿಲಿನಲ್ಲಿ ರಾಯಚೂರು, ಬಳ್ಳಾರಿ ಕಡೆ 14ಕ್ಕೆ ಒಂದು ದಿನವೂ ಕಡಿಮೆ ಮಾಡುವಂತಿಲ್ಲ. ಕಂಬಗಳಿಗೆ ಗೋಣಿ ಸುತ್ತಿ ಒದ್ದೆಯಾಗಿಡಿ. ಬೆಳಗ್ಗೆ, ಸಂಜೆ ಪೈಪು ಹಿಡಿದು ಹೋಗುವುದು ಕಂಬಕ್ಕೆ ಏನೂ ಸಾಲದು.

ಕರಾವಳಿಯವರು ನೋಡಲೇಬೇಕಾದ ಸಾಲು

ಮಂಗಳೂರು, ಉಡುಪಿ, ಕಾರವಾರದಲ್ಲೂ ಎಂ20, 20 ಮಿ.ಮೀ. ಕವರ್ ಎಂದೇ ಕೆಲಸ ನಡೆಯುವುದುಂಟು. ಐಎಸ್ 456 ಪರಿಸರವನ್ನು ಐದು ದರ್ಜೆಗೆ ಭಾಗ ಮಾಡಿದೆ, ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟನ್ನು ಮೂರನೆಯ ದರ್ಜೆಗೆ, ‘ತೀವ್ರ’ಕ್ಕೆ ಸೇರಿಸಿದೆ. ಅಲ್ಲಿ ಕನಿಷ್ಠ ಎಂ30, ಅನುಪಾತ 0.45, ಘನ ಮೀಟರಿಗೆ ಕನಿಷ್ಠ 320 ಕೆ.ಜಿ. ಸಿಮೆಂಟು, ಕವರ್ 45 ಮಿ.ಮೀ. ಒಳನಾಡಿನಲ್ಲೂ ಮಣ್ಣಿನಲ್ಲಿ ಹೂತ ಪಾಯ ‘ಮಧ್ಯಮ’ ದರ್ಜೆಗೆ ಬರುತ್ತದೆ, ಅಂದರೆ ಎಂ25. ಎಂ20 ದಾಟಿದ ಮೇಲೆ ಪೆಟ್ಟಿಗೆಯ ಲೆಕ್ಕಕ್ಕೆ ಅವಕಾಶವೇ ಇಲ್ಲ. ಐಎಸ್ 10262ರ ಪ್ರಕಾರ ಮಿಕ್ಸ್ ಡಿಸೈನ್ (ಸಾಮಗ್ರಿ ಪರೀಕ್ಷಿಸಿ ಮಿಶ್ರಣದ ಲೆಕ್ಕ) ಮಾಡಿಸಬೇಕು, ಇಲ್ಲವೇ ಕಾರ್ಖಾನೆಯಲ್ಲಿ ಕಲಸಿದ ರೆಡಿಮಿಕ್ಸ್ ತರಿಸಬೇಕು. ರೆಡಿಮಿಕ್ಸ್ ಲಾರಿಗೆ ಐಎಸ್ 4926 ಅನ್ವಯ: ತುಂಬಿದ ಹೊತ್ತಿನಿಂದ ಎರಡು ಗಂಟೆಯೊಳಗೆ ಸುರಿದು ಮುಗಿಯಬೇಕು. ಚೀಟಿಯಲ್ಲಿ ತುಂಬಿದ ಸಮಯ ಇರುತ್ತದೆ, ಅದನ್ನು ನೋಡಿಯೇ ಸಹಿ ಹಾಕಿ. ಸೈಟಿಗೆ ಬಂದ ಲಾರಿಗೆ ನೀರು ಬೆರೆಸಲು ಬಿಡಲೇಬೇಡಿ.

ಕಂಬಿ, ಬ್ಲಾಕು, ಸಿಮೆಂಟು

ಬಿಐಎಸ್ ಕೇರ್ ಆ್ಯಪ್ ಈ ಸೇವೆಯಲ್ಲಿ ಸಾಮಾನ್ಯ ಗ್ರಾಹಕರಿಗೆ ನೇರವಾಗಿ ದಕ್ಕುವ ಭಾಗ. ಚೀಲದ ಮೇಲೋ, ಕಂಬಿಯ ಕಟ್ಟಿನ ಚೀಟಿಯಲ್ಲೋ ಇರುವ ಸಿಎಂ/ಎಲ್ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಆ್ಯಪಿನಲ್ಲಿ ಬಂದ ಕಾರ್ಖಾನೆಯ ಹೆಸರೂ ಚೀಲದ ಮೇಲಿನ ಹೆಸರೂ ಒಂದೇ ಇರಬೇಕು. ಚೀಲದ ಮೇಲೆ ತಯಾರಾದ ವಾರ, ವರ್ಷವೂ ಇರುತ್ತವೆ. ಮೂರು ತಿಂಗಳು ದಾಟಿದ್ದರೆ ಪರೀಕ್ಷೆ ಮಾಡಿಸದೆ ಬಳಸಬಾರದು. ಆ್ಯಪ್ ಹೇಳುವುದು ಪರವಾನಗಿಯ ಮಾತು ಮಾತ್ರ, ನಿಮ್ಮ ಲಾರಿಯಲ್ಲಿ ಬಂದ ಸರಕಿನದಲ್ಲ. ಸರಕನ್ನು ತೂಗಿಯೇ ನೋಡಬೇಕು.

ಕಂಬಿ ತೂಗುವುದು ಸುಲಭ. ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ. 12 ಮಿ.ಮೀ. ಕಂಬಿಗೆ 0.888 ಕೆ.ಜಿ.; 12 ಮೀಟರ್ ಕಂಬಿಗೆ 10.66. ಕಂಬಿಯ ಮಾನಕ ಐಎಸ್ 1786 ಬಿಡಿ ಮಾದರಿಗೆ ಕೊಡುವ ರಿಯಾಯಿತಿ 6%, ಹಾಗಾಗಿ 10 ಕೆ.ಜಿ.ಗೂ ಕೆಳಗಿದ್ದರೆ ಆ ಲೋಡು ವಾಪಸ್ ಕಳಿಸಿ. 8 ಮಿ.ಮೀ.ನದು 4.74 ಕೆ.ಜಿ., ಅದಕ್ಕೆ ರಿಯಾಯಿತಿ 8%. ಎಫ್‌ಇ 500 ಮತ್ತು 500ಡಿ ದರ್ಜೆಯ ಕಂಬಿಗಳ ನಡುವಿನ ವ್ಯತ್ಯಾಸ ಬಲದಲ್ಲಲ್ಲ, ಹಿಗ್ಗುವ ಗುಣದಲ್ಲಿ: ಮೊದಲನೆಯದು ಮುರಿಯುವ ಮುನ್ನ ಕನಿಷ್ಠ 12% ಹಿಗ್ಗಬೇಕು, ಎರಡನೆಯದು 16%. ಭೂಕಂಪ ವಲಯದ ಊರುಗಳಲ್ಲಿ ಡಿ ಅಕ್ಷರ ನೋಡಿಯೇ ಕೊಳ್ಳಿ. 2016ರ ನಕ್ಷೆಯಲ್ಲಿ ಬೆಂಗಳೂರು, ಮೈಸೂರು 2ನೇ ವಲಯ; ಬೆಳಗಾವಿ, ಧಾರವಾಡ, ವಿಜಯಪುರ, ಮಂಗಳೂರು, ಕಾರವಾರ 3ನೇ ವಲಯ. 3ನೇ ವಲಯದಿಂದ ಮೇಲೆ, ಭೂಕಂಪ ತಾಳುವಂತೆ ಕಂಬಿ ಕಟ್ಟುವ ಕ್ರಮ ಹೇಳುವ ಐಎಸ್ 13920 ಅನ್ವಯವಾಗುತ್ತದೆ. ಅದರ ಒಂದು ಮಾತನ್ನು ಎಲ್ಲ ಊರುಗಳವರೂ ಪಾಲಿಸಿದರೆ ಒಳ್ಳೆಯದು: ಕಂಬದ ರಿಂಗಿನ ತುದಿ 135 ಡಿಗ್ರಿ ಒಳಕ್ಕೆ ಬಗ್ಗಬೇಕು, ಬಗ್ಗಿದ ಮೇಲೆ ಕನಿಷ್ಠ 65 ಮಿ.ಮೀ. ಉಳಿಯಬೇಕು. ಬಾರ್ ಬೆಂಡರ್‌ಗಳು ಹೆಚ್ಚಾಗಿ 90 ಡಿಗ್ರಿಗೇ ನಿಲ್ಲಿಸುತ್ತಾರೆ. ಕಂಬ ಅಲುಗಿ ಹೊರಗಿನ ಕಾಂಕ್ರೀಟು ಉದುರಿದ ಕ್ಷಣ ಆ ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದದ ಕಂಬಿಗಳು ಬಾಗುತ್ತವೆ.

ಬೆಂಗಳೂರಿನಲ್ಲಿ ಸಾಲಿಡ್ ಬ್ಲಾಕಿನ ಗೋಡೆಗಳು ಬಿರುಕು ಬಿಡುವುದು ಸಾಮಾನ್ಯ, ಕಾರಣ ಐಎಸ್ 2185ರ ಮೊದಲ ಭಾಗದಲ್ಲೇ ಇದೆ. ಬ್ಲಾಕನ್ನು ಕನಿಷ್ಠ 14 ದಿನ ನೀರಿನಲ್ಲಿ ಕ್ಯೂರ್ ಮಾಡಿ, ಆಮೇಲೆ 4 ವಾರ ಒಣಗಿಸಿ ಬಳಸಬೇಕು. ಕಾಂಕ್ರೀಟ್ ಬ್ಲಾಕು ಒಣಗುವಾಗ ಕುಗ್ಗುತ್ತದೆ, ಆ ಕುಗ್ಗುವಿಕೆ ಯಾರ್ಡಿನಲ್ಲೇ ಮುಗಿದಿರಲಿ ಎಂಬುದೇ ಇದರ ಉದ್ದೇಶ. ಹಸಿ ಬ್ಲಾಕನ್ನು ತಂದು ಕಟ್ಟಿ, ಮೇಲೆ ಗಟ್ಟಿ ಗಾರೆ ಬಳಿದರೆ ಕುಗ್ಗುವುದು ಗೋಡೆಯೊಳಗೇ. ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಬ್ಲಾಕನ್ನು ಒಡೆದು ನೋಡಿ: ಒಳಭಾಗ ಹೊರಗಿಗಿಂತ ಕಪ್ಪಾಗಿ, ತಣ್ಣಗಿದ್ದರೆ ಇನ್ನೂ ಹಸಿ. 24 ಗಂಟೆ ನೆನೆಸಿ ತೂಗಿದಾಗ ತೂಕ 10%ಕ್ಕಿಂತ ಹೆಚ್ಚಾದರೆ ಮಾನಕಕ್ಕೆ ಕಡಿಮೆ. ಪೂರೈಸುವವರ ಹತ್ತಿರ ದಾಸ್ತಾನಿಡಲು ಜಾಗವಿಲ್ಲದಿದ್ದರೆ ನಿಮ್ಮ ಸೈಟಿಗೇ ಒಂದು ತಿಂಗಳು ಮೊದಲು ತರಿಸಿ, ಮೇಲೆ ಶೀಟು ಹೊದಿಸಿಡಿ.

ಎಂ-ಸ್ಯಾಂಡಿನ ಬಗ್ಗೆ ಒಂದೇ ಮಾತು: ಐಎಸ್ 383 ಅದರಲ್ಲಿ 75 ಮೈಕ್ರಾನ್‌ಗಿಂತ ನುಣ್ಣಗಿನ ಪುಡಿ 15% ತನಕ ಇರಬಹುದು ಎನ್ನುತ್ತದೆ. ಕ್ರಷರಿನ ಧೂಳನ್ನೇ ಎಂ-ಸ್ಯಾಂಡ್ ಎಂದು ಕಳಿಸಿದ್ದರೆ ಜರಡಿ ಹಿಡಿದ ಕೂಡಲೇ ತಿಳಿಯುತ್ತದೆ.

ಎರೆ ಭೂಮಿಗೆ ರೂರ್ಕಿಯ ಉತ್ತರ

ಈ ಇಡೀ ಸಂಶೋಧನೆಯಲ್ಲಿ ಉತ್ತರ ಕರ್ನಾಟಕದವರು ಮೊದಲು ಓದಬೇಕಾದದ್ದು ಐಎಸ್ 2911ರ ಮೂರನೇ ಭಾಗ, ಅಂಡರ್-ರೀಮ್ಡ್ ಪೈಲು, ಅಂದರೆ ನೆಲದೊಳಗೆ ಕುಳಿ ತೋಡಿ ಎರೆಯುವ, ಕೆಳಗೆ ಅಗಲವಾದ ಕಾಂಕ್ರೀಟ್ ಕಂಬ. ರೂರ್ಕಿಯ ಸಂಸ್ಥೆ ಎರೆಮಣ್ಣಿಗೆಂದೇ ರೂಪಿಸಿದ ಪಾಯ ಇದು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಈ ಏರಿಳಿತ ನಡೆಯುವುದು ಮೇಲಿನ ಕೆಲವು ಅಡಿಗಳಲ್ಲಿ. ಕೆಳಗೆ ತೇವ ಬದಲಾಗದ ಮಟ್ಟದಲ್ಲಿ ಪೈಲನ್ನು ಗಡ್ಡೆಯಂತೆ ಅಗಲಿಸಿದರೆ ಮೇಲಿನ ಮಣ್ಣು ಎಷ್ಟೇ ಎಳೆದರೂ ಪೈಲು ಮೇಲೆ ಬರುವುದಿಲ್ಲ. ವಿಜಯಪುರ, ಗದಗ, ಧಾರವಾಡದ ಎರೆಯಲ್ಲಿ ಕಲ್ಲಿನ ಪಾಯ ಹಾಕಿ, ಎರಡು ವರ್ಷಕ್ಕೆ ಗೋಡೆ ಸೀಳಿಸಿಕೊಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಅಳತೆಗಳು ಹೀಗೆ: 300 ಮಿ.ಮೀ. ವ್ಯಾಸದ ಪೈಲಿಗೆ ಗಡ್ಡೆ ಸಾಮಾನ್ಯವಾಗಿ ಎರಡೂವರೆ ಪಟ್ಟು, ಅಂದರೆ 750 ಮಿ.ಮೀ. ಆಳವಾದ ಎರೆಯಲ್ಲಿ ಉದ್ದ ಕನಿಷ್ಠ 3.5 ಮೀಟರ್. ಎರಡು ಪೈಲುಗಳ ನಡುವೆ ಗಡ್ಡೆಯ ಎರಡು ಪಟ್ಟು, 1.5 ಮೀಟರ್. ಒಂದು ಗಡ್ಡೆಯ ಇಂಥ ಪೈಲಿಗೆ ಮಾನಕದ ಕೋಷ್ಟಕ ಕೊಡುವ ಸುರಕ್ಷಿತ ಭಾರ 16 ಟನ್. ನಿಮ್ಮ ಮಣ್ಣಿಗೆ ಎಷ್ಟು ಎಂಬುದನ್ನು ಎಂಜಿನಿಯರೇ ನಿರ್ಧರಿಸಬೇಕು. ಆಗರ್‌ನಿಂದ ಕುಳಿ ತೋಡಿ, ತಳಕ್ಕೆ ಮುಟ್ಟಿದ ಮೇಲೆ ಅಂಡರ್-ರೀಮರ್ ಇಳಿಸಿ ತಿರುಗಿಸುತ್ತಾರೆ. ಅದರ ಅಲಗುಗಳು ಅಗಲವಾಗುತ್ತಾ ಮಣ್ಣನ್ನು ಕೆರೆದು ಬಕೆಟ್ಟಿಗೆ ಹಾಕುತ್ತವೆ.

ಗಡ್ಡೆ ಪೂರ್ತಿ ಅಗಲವಾಯಿತೇ ಎಂಬುದು ಮೇಲಿನಿಂದ ಕಾಣದು, ವಂಚನೆಯೂ ಸೋಮಾರಿತನವೂ ನಡೆಯುವುದು ಅಲ್ಲೇ. ಅದಕ್ಕೊಂದು ಲೆಕ್ಕವಿದೆ. 300 ಮಿ.ಮೀ.ನ ನೇರ ಕುಳಿ 3.5 ಮೀಟರಿಗೆ ಸುಮಾರು 247 ಲೀಟರ್ ಕಾಂಕ್ರೀಟ್ ಹಿಡಿಯುತ್ತದೆ. ಸರಿಯಾದ ಗಡ್ಡೆ ಇದ್ದರೆ ಅದಕ್ಕಿಂತ ಸುಮಾರು 70 ಲೀಟರ್ ಹೆಚ್ಚು ಬೇಕು, ಅಂದರೆ 35 ಲೀಟರಿನ ಎರಡು ಪೆಟ್ಟಿಗೆ. ಒಂದು ಪೈಲು 250 ಲೀಟರಿಗೇ ತುಂಬಿದರೆ ಅಲ್ಲಿ ಗಡ್ಡೆಯೇ ಆಗಿಲ್ಲ. ಪೈಲು ಪೈಲಿಗೂ ಎಷ್ಟು ಹೋಯಿತೆಂದು ಬರೆದಿಡಿ. ತೋಡಿದ ಕುಳಿಯನ್ನು ಅದೇ ದಿನ ತುಂಬಿಸಿ. ರಾತ್ರಿ ಬಿಟ್ಟರೆ ಗಡ್ಡೆಯ ಮೇಲಿನ ಮಣ್ಣು ಕುಸಿದು ತಳದಲ್ಲಿ ಕೂರುತ್ತದೆ.

ಇಷ್ಟೆಲ್ಲ ಸರಿ ಮಾಡಿ ಕೊನೆಗೆ ಕೆಡಿಸಿಕೊಳ್ಳುವ ಜಾಗ ಒಂದಿದೆ. ಪೈಲುಗಳ ಮೇಲೆ ಬರುವ ತೊಲೆ ನೆಲಕ್ಕೆ ತಾಗಬಾರದು, ಕೆಳಗೆ ಕನಿಷ್ಠ 80 ಮಿ.ಮೀ. ಖಾಲಿ ಬಿಡಬೇಕು. ಉಬ್ಬುವ ಮಣ್ಣಿಗೆ ಅದು ಉಸಿರಾಡುವ ಜಾಗ. ಪ್ಲಿಂತ್ (ಮನೆಯ ನೆಲಗಟ್ಟು) ತುಂಬುವಾಗ ಆ ಸಂದಿಗೆ ಮಣ್ಣು ತುರುಕಿಬಿಟ್ಟರೆ ಮಳೆಗಾಲದಲ್ಲಿ ಎರೆ ತೊಲೆಯನ್ನೇ ಕೆಳಗಿನಿಂದ ಎತ್ತುತ್ತದೆ, ಪೈಲಿಗೆ ಹಾಕಿದ ಹಣವೆಲ್ಲ ವ್ಯರ್ಥ. ತುಂಬುವ ಮೊದಲು ತೊಲೆಯ ಎರಡೂ ಬದಿಗೆ ಇಟ್ಟಿಗೆಯನ್ನೋ ಕಡಪ ಕಲ್ಲನ್ನೋ ತಡೆಯಾಗಿ ನಿಲ್ಲಿಸಿ.

ಕಲ್ಲಿನ ಗೋಡೆ, ಮಣ್ಣಿನ ಬ್ಲಾಕು

1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ನಮ್ಮ ಗಡಿಯಾಚೆ, ಬೀದರ್-ಕಲಬುರಗಿಗೆ ಹತ್ತಿರದಲ್ಲೇ ಆಯಿತು. ಆಗಿನ ನಕ್ಷೆಯಲ್ಲಿ ಆ ಜಾಗ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. ಜನ ಸತ್ತದ್ದು ಹೆಚ್ಚಾಗಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳ ಅಡಿಯಲ್ಲಿ. ಗೋಡೆ ದಪ್ಪವಿದ್ದಷ್ಟೂ ಗಟ್ಟಿ ಎಂಬುದು ನಂಬಿಕೆ. ಐಎಸ್ 13828 ಇದಕ್ಕೆ ತದ್ವಿರುದ್ಧ ಹೇಳುತ್ತದೆ: ಕಾಡುಗಲ್ಲಿನ ಗೋಡೆ 450 ಮಿ.ಮೀ. ಮೀರಬಾರದು, 350 ಆದರೆ ಲೇಸು. ದಪ್ಪ ಗೋಡೆಯೆಂದರೆ ನಿಜದಲ್ಲಿ ಒಳಗೊಂದು, ಹೊರಗೊಂದು ಪದರ, ನಡುವೆ ಚೂರುಕಲ್ಲು. ಅಲುಗಿದಾಗ ಎರಡೂ ಬೇರೆಯಾಗಿ ಉದುರುತ್ತವೆ. ಇದನ್ನು ತಡೆಯಲು ಪ್ರತಿ 600 ಮಿ.ಮೀ. ಎತ್ತರಕ್ಕೆ, ಅಡ್ಡಲಾಗಿ 1.2 ಮೀಟರಿಗೆ ಒಂದರಂತೆ, ಗೋಡೆಯ ಈ ಮುಖದಿಂದ ಆ ಮುಖದವರೆಗೆ ಹಾಯುವ ಒಂದೇ ಕಲ್ಲು ಇಡಬೇಕು. ಅಷ್ಟುದ್ದದ ಕಲ್ಲು ಸಿಗದಿದ್ದರೆ ಕಂಬಿ ಹಾಕಿದ ಕಾಂಕ್ರೀಟಿನ ತುಂಡು ಎರಕ ಹೊಯ್ದುಕೊಳ್ಳಬಹುದು. ಖರ್ಚು ಅಲ್ಪ, ಉಳಿಯುವುದು ಜೀವ. ಹೊಸದಾಗಿ ಕಲ್ಲಿನ ಮನೆ ಕಟ್ಟಿಸುವ ಪ್ರತಿಯೊಬ್ಬರಿಗೂ ಪಂಚಾಯಿತಿಯಿಂದಲೇ ಈ ಒಂದು ಪುಟ ಸಿಗಬೇಕಿತ್ತು.

ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಬೆಳೆಸಿದ ಸಿಮೆಂಟು ಬೆರೆಸಿದ ಮಣ್ಣಿನ ಬ್ಲಾಕು ಕರ್ನಾಟಕದ್ದೇ ಕೊಡುಗೆ. ಅಂಥ ಬ್ಲಾಕಿಗೆ ಮಾನಕ ಐಎಸ್ 1725. ಕೆಮ್ಮಣ್ಣಿನ ಸೀಮೆಗೆ ಇದಕ್ಕಿಂತ ಒಳ್ಳೆಯ ಗೋಡೆ ಸಾಮಗ್ರಿ ಸಿಗುವುದು ಕಷ್ಟ. ಮಣ್ಣಿನಲ್ಲಿ ಮರಳಿನ ಅಂಶ 60%ಕ್ಕಿಂತ ಹೆಚ್ಚಿರಬೇಕು, ಜೇಡಿ 10ರಿಂದ 15% ಸಾಕು. ಸಿಮೆಂಟು ಸುಮಾರು 7%. ಜೇಡಿ ಹೆಚ್ಚಿದ್ದರೆ ಎಂ-ಸ್ಯಾಂಡೋ ಕ್ವಾರಿ ಧೂಳೋ ಬೆರೆಸಿ ಇಳಿಸಬೇಕು. ಕೆಲಸ ಕೆಡುವುದು ಮಣ್ಣನ್ನು ಬಾಂಡ್ಲಿಯ ಅಂದಾಜಿನಲ್ಲಿ ಅಚ್ಚಿಗೆ ಹಾಕಿದಾಗ. ಬ್ಲಾಕಿನ ಬಲ ಸಾಂದ್ರತೆಯಿಂದ ಬರುತ್ತದೆ, ಒಣ ಸಾಂದ್ರತೆ ಲೀಟರಿಗೆ ಸುಮಾರು 1.8 ಕೆ.ಜಿ. ಇರಬೇಕು. 230×190×100 ಮಿ.ಮೀ. ಬ್ಲಾಕಿನ ಗಾತ್ರ 4.37 ಲೀಟರ್, 10% ತೇವದ ಮಣ್ಣನ್ನು ಒಂದೊಂದಕ್ಕೆ 8.6 ಕೆ.ಜಿ.ಯಂತೆ ತೂಗಿಯೇ ಹಾಕಬೇಕು. ಎರೆಮಣ್ಣಿನಲ್ಲಿ ಇದನ್ನು ಮಾಡಲು ಹೋಗಬೇಡಿ, ಸಿಮೆಂಟೊಂದೇ ಅದನ್ನು ಹಿಡಿದಿಡಲಾರದು.

ಸೇವೆಯಲ್ಲಿ ಕೊರತೆ ಎಲ್ಲಿ

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಆವೃತ್ತಿ ಎರಡು ದಪ್ಪ ಸಂಪುಟ. ಮೊದಲ ಆವೃತ್ತಿ ಬಂದದ್ದು 1970ರಲ್ಲಿ. ಕೋಣೆ ಕನಿಷ್ಠ 9.5 ಚದರ ಮೀಟರ್, ಎತ್ತರ 2.75 ಮೀಟರ್, ಕಿಟಕಿಯ ತೆರಪು ತೇವದ ಸೆಕೆಯ ಊರಿನಲ್ಲಿ ನೆಲದ ಆರನೇ ಒಂದು ಪಾಲು, ಒಣ ಸೆಕೆಯಲ್ಲಿ ಹತ್ತನೇ ಒಂದು. 12 ಚದರ ಮೀಟರ್ ಕೋಣೆಗೆ ಮಂಗಳೂರಿನಲ್ಲಿ 2 ಚದರ ಮೀಟರ್ ಕಿಟಕಿ ಬೇಕು, ಕಲಬುರಗಿಯಲ್ಲಿ 1.2. ಇದೆಲ್ಲ ವಿವೇಕದ ಮಾತು. ಆದರೆ ಈ ಸಂಹಿತೆ ತಾನಾಗಿ ಕಾನೂನಲ್ಲ. ರಾಜ್ಯವೋ ನಗರಪಾಲಿಕೆಯೋ ತನ್ನ ಉಪನಿಯಮದಲ್ಲಿ ಸೇರಿಸಿಕೊಂಡಷ್ಟು ಮಾತ್ರ ಕಡ್ಡಾಯ. ನಕ್ಷೆ ಮಂಜೂರಾತಿಯಲ್ಲಿ ಸೆಟ್‌ಬ್ಯಾಕ್ ನೋಡುವಷ್ಟು ಆಸ್ಥೆಯಿಂದ ಕಾಂಕ್ರೀಟಿನ ಕ್ಯೂಬ್ ವರದಿಯನ್ನು ಯಾರೂ ಕೇಳುವುದಿಲ್ಲ.

ಹುಡುಕಾಟವೂ ಸಲೀಸಲ್ಲ. ಮಾನಕದ ಸಂಖ್ಯೆ ಗೊತ್ತಿದ್ದರೆ ತಕ್ಷಣ ಸಿಗುತ್ತದೆ, ‘ತಾರಸಿ ಸೋರಿಕೆ’ ಎಂದು ಹುಡುಕಿ ಹೋದರೆ ದಾರಿಯಿಲ್ಲ. ಒಂದು ದಾಖಲೆ ಹತ್ತು ದಾಖಲೆಗಳತ್ತ ಬೊಟ್ಟು ಮಾಡುತ್ತದೆ. ಭಾಷೆ ಇಂಗ್ಲಿಷ್, ಅದೂ ಎಂಜಿನಿಯರುಗಳ ಇಂಗ್ಲಿಷ್. ಕನ್ನಡದಲ್ಲಿ ಚಿತ್ರ ಸಮೇತ ನಾಲ್ಕು ಪುಟದ ಕರಪತ್ರಗಳು ಬೇಕು: ಕವರ್ ಬ್ಲಾಕ್ ಎಲ್ಲಿ, ರಿಂಗು ಹೇಗೆ, ನೀರು ಎಷ್ಟು. ಇದು ಅಸಾಧ್ಯವೇನಲ್ಲ. ಐಐಟಿ ಕಾನ್ಪುರವೂ ಕೇಂದ್ರದ ಕಟ್ಟಡ ಸಾಮಗ್ರಿ, ತಂತ್ರಜ್ಞಾನ ಉತ್ತೇಜನ ಮಂಡಳಿ ಬಿಎಂಟಿಪಿಸಿಯೂ ಸೇರಿ ತಂದ ಭೂಕಂಪ ಟಿಪ್ಪಣಿಗಳು ಎರಡೆರಡು ಪುಟದಲ್ಲಿ ಚಿತ್ರಗಳ ಮೂಲಕವೇ ದೊಡ್ಡ ವಿಷಯ ಮುಟ್ಟಿಸುತ್ತವೆ. ಬಿಐಎಸ್‌ನದೇ ಕೈಪಿಡಿ ಎಸ್‌ಪಿ 62 ಕಟ್ಟಡ ಕೆಲಸದ ಕ್ರಮಗಳನ್ನು ಸಂಹಿತೆಗಿಂತ ತಿಳಿಯಾಗಿ ಹೇಳುತ್ತದೆ. ಒಂದೇ ದಾಖಲೆ ಓದುವ ವ್ಯವಧಾನವಿದ್ದರೆ ಅದನ್ನೇ ಆರಿಸಿಕೊಳ್ಳಿ.

ಗುತ್ತಿಗೆ ಕೊಡುವವರು ಕರಾರಿನಲ್ಲಿ ‘ಒಳ್ಳೆಯ ಗುಣಮಟ್ಟ’ ಎಂದು ಬರೆಸುವ ಬದಲು ಸಂಖ್ಯೆಗಳನ್ನು ಬರೆಸಿ: ಕಾಂಕ್ರೀಟು ಐಎಸ್ 456, ಇಂಥ ದರ್ಜೆ, ಇಂಥ ಕವರ್, ಕಂಬಿ ಐಎಸ್ 1786, 500ಡಿ, ಬ್ಲಾಕು ಐಎಸ್ 2185, ಗೆದ್ದಲಿಗೆ ಐಎಸ್ 6313ರ ಎರಡನೇ ಭಾಗ, ಪಾಯದ ತಳಕ್ಕೆ ಚದರ ಮೀಟರಿಗೆ 5 ಲೀಟರ್ ದ್ರಾವಣ, ಪಾಯದ ಬದಿಗೆ 7.5 ಲೀಟರ್. ಹಾಗೆ ಬರೆಸಿದರೆ ತಕರಾರು ಬಂದಾಗ ಅಳೆಯಲು ಕೋಲು ಇರುತ್ತದೆ. ಫ್ಲಾಟ್ ಕೊಳ್ಳುವವರಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಮು ಸ್ವಾಧೀನದ ದಿನದಿಂದ 5 ವರ್ಷದೊಳಗೆ ಕಂಡ ರಚನಾ ದೋಷವನ್ನು ಬಿಲ್ಡರೇ ತನ್ನ ಖರ್ಚಿನಲ್ಲಿ 30 ದಿನದೊಳಗೆ ಸರಿಪಡಿಸಬೇಕು ಎನ್ನುತ್ತದೆ. ಆಗ ಕೈಯಲ್ಲಿರಬೇಕಾದದ್ದು 28ನೇ ದಿನದ ಕ್ಯೂಬ್ ವರದಿ, ಕಂಬಿಯ ಪರೀಕ್ಷಾ ಪತ್ರ, ರಚನಾ ನಕ್ಷೆಗಳ ಪ್ರತಿ. ಇವನ್ನು ಕೊನೆಯ ಕಂತು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ.